ಎಂಟು ಲಕ್ಷದ ಇಪ್ಪತ್ತಾರು ಸಾವಿರದ ಇನ್ನೂರ ಎಪ್ಪತ್ತೇಳು

ಸೆಪ್ಟೆಂಬರ್ ತಿಂಗಳ ಮೂರನೆಯ ಗುರುವಾರ, ಬೆಳಗ್ಗೆ ಐದು ಗಂಟೆ. ಅಡುಗೆಮನೆಯಲ್ಲಿ ಹಾಜರಿದ್ದವರು ನಾಲ್ವರು: ಅಪ್ಪ, ಅವ್ವ, ನಂಜತ್ತೆ ಮತ್ತು ನಾನು. ಕೊಡಗು ಆಗಿನ್ನೂ ತನ್ನದೇ ಒಂದು ರಾಜ್ಯವಾಗಿತ್ತು. ನನಗೆ ಹನ್ನೊಂದು ವರ್ಷ. ಹಾಜರಿದ್ದವರು ಎಂಬ ಮಾತನ್ನು ಸುಮ್ಮನೆ ಬರೆದಿಲ್ಲ; ನಮ್ಮ ಮನೆಯಲ್ಲಿ ದಿನವೂ ಹಾಜರಿ ಕೂಗುತ್ತಿದ್ದರು. ಅಪ್ಪ ಪಟಾಲಮ್ಮಿನಲ್ಲಿ ಹವಾಲ್ದಾರನಾಗಿದ್ದು, ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ಗಾಳಿಬೀಡಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿ ಸೇರಿಕೊಂಡಿದ್ದ. ಬಂದೂಕು ಬಿಟ್ಟು ಬಂದವನು ವೇಳಾಪಟ್ಟಿಯನ್ನು ಮಾತ್ರ ಬಿಟ್ಟು ಬರಲಿಲ್ಲ. ಬಾಗಿಲ ಹಿಂದೆ ಅಂಟಿಸಿದ್ದ ಹಾಳೆಯ ಪ್ರಕಾರ ಐದಕ್ಕೆ ಹಾಜರಿ, ಐದೂಕಾಲಿಗೆ ಒಲೆ, ಐದೂವರೆಗೆ ನೀರು, ಆರಕ್ಕೆ ಕಾಫಿ, ಆರರಿಂದ ಆರೂಮುಕ್ಕಾಲಿನ ತನಕ ಲೆಕ್ಕ. ಅವ್ವ ಒಲೆಯ ಮುಂದೆ ಕೂತೇ ಹಾಜರಿ ಹೇಳುತ್ತಿದ್ದಳು.

"ಇದೀನಿ ಕಣಪ್ಪ, ಇನ್ನೆಲ್ಲಿಗೋಗ್ಲಿ."

ಆ ದಿನ ನಂಜತ್ತೆ ತನ್ನ ಹೆಸರು ಬಂದಾಗ ಎದ್ದು ನಿಂತು ಹಾಜರಿ ಹೇಳಿದಳು. ಗಂಜಿ ಹಾಕಿ ಮಡಿಸಿಟ್ಟಿದ್ದ ನೀಲಿ ಸೀರೆಯನ್ನು ಅಷ್ಟು ಬೆಳಗ್ಗೆಯೇ ಉಟ್ಟುಬಿಟ್ಟಿದ್ದಳು. ಪಕ್ಕದ ಮಣೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ನೋಟ್‌ಬುಕ್ಕು ಇತ್ತು. ಹನ್ನೊಂದು ಗಂಟೆಗೆ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಆ ನೋಟ್‌ಬುಕ್ಕನ್ನು ನೋಡಿ ಅವರು ಒಪ್ಪಿದರೆ ನಂಜತ್ತೆ ಹುಡುಗಿಯರಿಗೆ ಗಣಿತ ಹೇಳಿಕೊಡುವ ಟೀಚರ್ ಆಗುತ್ತಿದ್ದಳು. ಅದರೊಳಗೆ ಒಂದು ಪುಟ ಸುಳ್ಳಿನದು ಎಂಬುದು ಆ ಹೊತ್ತಿಗೆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಂಜತ್ತೆ ಅಪ್ಪನ ಅಕ್ಕ. ಹದಿನಾಲ್ಕಕ್ಕೆ ಮದುವೆಯಾಗಿ ಹಾಸನದ ಕಡೆ ಹೋದವಳು, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಒಂದು ತಗಡಿನ ಟ್ರಂಕು ಹೊತ್ತು ತವರಿಗೆ ಬಂದು, ಆಮೇಲೆ ತಮ್ಮನ ಮನೆಯಲ್ಲೇ ಉಳಿದಳು. ಓದಿದ್ದು ನಾಲ್ಕನೇ ಕ್ಲಾಸು. ನಾವಿದ್ದದ್ದು ಎಸ್ಟೇಟಿನ ಜಿಂಕ್ ಶೀಟಿನ ಕ್ವಾರ್ಟರ್ಸ್: ಮುಂದೆ ಒಂದು ಹಜಾರ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಗಾಳಿ ಬೀಸಿದರೆ ಮಾಡು ಗಡಗಡ ಎನ್ನುತ್ತಿತ್ತು. ಅಡುಗೆಮನೆಯ ಪಡುವಣ ಗೋಡೆ ಪೂರ್ತಿ ನಂಜತ್ತೆಯದು. ಅದರ ಮೇಲೆ ಇದ್ದಿಲಿನಿಂದ ಚೌಕಗಳನ್ನು ಹಾಕಿ ಒಂದರಿಂದ ಸಾವಿರದ ತನಕ ಬರೆದಿದ್ದಳು. ಒಂದನ್ನು ಮೊದಲೇ ಹೊಡೆದು, ಎರಡನ್ನು ಬಿಟ್ಟು ಎರಡರ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದುಹಾಕಬೇಕು, ಮೂರನ್ನು ಬಿಟ್ಟು ಮೂರರ ಮಗ್ಗಿಯದನ್ನು, ಆಮೇಲೆ ಐದರದು, ಏಳರದು. ಹೀಗೆ ಹೊಡೆಯುತ್ತ ಹೋದರೆ ಕೊನೆಗೆ ಗೋಡೆಯ ಮೇಲೆ ನೂರ ಅರವತ್ತೆಂಟು ಸಂಖ್ಯೆಗಳು ಮಾತ್ರ ಉಳಿಯುತ್ತವೆ. ಶಾಲೆಯಲ್ಲಿ ಅವಕ್ಕೆ ಅವಿಭಾಜ್ಯ ಸಂಖ್ಯೆ ಎನ್ನುತ್ತಿದ್ದರು. ನಂಜತ್ತೆ 'ಒಡೀದ್ದು', ಅಂದರೆ ಒಡೆಯದ್ದು, ಎನ್ನುತ್ತಿದ್ದಳು. ಪ್ರತಿ ಯುಗಾದಿಗೆ ಅವ್ವ ಆ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಸುಣ್ಣ ಒಣಗಿದ ಮರುದಿನ ನಂಜತ್ತೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

ನನಗೆ ಅವಳು ಸಂಖ್ಯೆಗಳನ್ನು ಪರಿಚಯಿಸಿದ್ದು ಹುಣಸೆಬೀಜಗಳಲ್ಲಿ. ಹನ್ನೆರಡು ಬೀಜ ಕೊಟ್ಟರೆ ಆರಾರರ ಎರಡು ಸಾಲು ಮಾಡಬಹುದು, ನಾಲ್ಕು ನಾಲ್ಕರ ಮೂರು ಸಾಲೂ ಮಾಡಬಹುದು. ಹದಿಮೂರು ಕೊಟ್ಟರೆ ಏನು ಮಾಡಿದರೂ ಒಂದೇ ಉದ್ದನೆಯ ಸಾಲು. ಒಡೆಯುವ ಸಂಖ್ಯೆಗಳಲ್ಲೂ ಅವಳು ಜಾತಿ ಮಾಡಿದ್ದಳು. ಒಂದು ಸಂಖ್ಯೆಯನ್ನು ಯಾವ ಯಾವ ಸಣ್ಣ ಸಂಖ್ಯೆಗಳು ಸರಿಯಾಗಿ ಭಾಗಿಸುತ್ತವೆಯೋ ಅವನ್ನೆಲ್ಲ ಕೂಡಬೇಕು. ಮೊತ್ತ ಕಡಿಮೆ ಬಂದರೆ ಅದು ಕೊರತೆಯದು, ಹೆಚ್ಚು ಬಂದರೆ ಮಿಗುವುದು, ಸರಿಯಾಗಿ ಅದೇ ಬಂದರೆ ತುಂಬಿದ್ದು. ಆರು ತುಂಬಿದ್ದು: ಒಂದು, ಎರಡು, ಮೂರು. ಇಪ್ಪತ್ತೆಂಟು ತುಂಬಿದ್ದು. ಅದರ ನಂತರದ್ದು ನಾನೂರ ತೊಂಬತ್ತಾರು ಎಂದು ಯಾರೂ ಹೇಳಿಕೊಡದೆ ಅವಳು ಹುಡುಕಿದ ದಿನ ಒಲೆಯ ಮೇಲಿಟ್ಟಿದ್ದ ಸಾರು ಹೊತ್ತಿಹೋಯಿತು.

"ಬೀಜ ಜೋಡ್ಸಿ ಜೋಡ್ಸಿ ಹುಣಸೆಹಣ್ಣೆಲ್ಲ ಖಾಲಿ ಆಯ್ತು," ಎಂದಳು ಅವ್ವ. "ಇನ್ಮೇಲೆ ಸಾರಿಗೂ ಬೀಜನೇ ಕಿವುಚ್ತೀನಿ, ಉಣ್ಣಿ."

"ಎಷ್ಟು ಬೀಜ ಹಾಕ್ತೀಯ ಹೇಳ್ಬುಡು ಅತ್ಗೆ," ಎಂದಳು ನಂಜತ್ತೆ. ಅವ್ವನಿಗಿಂತ ದೊಡ್ಡವಳಾದರೂ ತಮಾಷೆಗೆ ಅವಳನ್ನು ಅತ್ತಿಗೆ ಎನ್ನುತ್ತಿದ್ದಳು. "ಇಪ್ಪತ್ತೆಂಟು ಹಾಕು. ಹೊಟ್ಟೆ ತುಂಬ್ತದೆ."

ನಮ್ಮ ಮನೆಗೆ ಯಾವ ಸಂಖ್ಯೆ ಬಂದರೂ ಅದನ್ನು ಒಡೆದು, ಯಾವ ಜಾತಿ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಕೂರಿಸಬೇಕೆಂಬುದು ಪದ್ಧತಿ. ಅಪ್ಪನ ಪಟಾಲಮ್ಮಿನ ನಂಬರು, ಮಡಿಕೇರಿ ಬಸ್ಸಿನ ಟಿಕೇಟು, ಗೋಣಿಚೀಲದ ಮೇಲಿನ ಅಚ್ಚು, ಎಲ್ಲವೂ ಆ ನೋಟ್‌ಬುಕ್ಕಿಗೆ ಸೇರಿದ್ದವು. ಆ ವರ್ಷ ಮುಂಗಾರಿಗೆ ಮೊದಲು ಎಸ್ಟೇಟಿನ ದೊರೆಸಾನಿ ತನ್ನ ಊರಿಗೆ ಹೊರಟುಹೋದಳು. ಹೋಗುವಾಗ ತನ್ನ ಹೊಲಿಗೆ ಮಿಷಿನನ್ನು ನಂಜತ್ತೆಗೆ ಕೊಟ್ಟಳು. ಅದರ ಚಕ್ರದ ಕೆಳಗೆ ಒಂದು ಹಿತ್ತಾಳೆ ತಗಡು, ತಗಡಿನ ಮೇಲೆ 826277 ಎಂಬ ನಂಬರು. ನಂಜತ್ತೆ ಮೊದಲು ನೂಲು ಪೋಣಿಸಲಿಲ್ಲ, ಸ್ಲೇಟು ತಂದಳು. ಕೊನೆಯಲ್ಲಿ ಏಳು ಇರುವುದರಿಂದ ಎರಡಕ್ಕೂ ಐದಕ್ಕೂ ಹೋಗುವುದಿಲ್ಲ. ಅಂಕಿಗಳನ್ನು ಕೂಡಿದರೆ ಮೂವತ್ತೆರಡು, ಮೂರಕ್ಕೂ ಹೋಗುವುದಿಲ್ಲ. ಏಳಕ್ಕೆ ನಾಲ್ಕು ಉಳಿಯಿತು, ಹನ್ನೊಂದಕ್ಕೆ ಹೋಗಲಿಲ್ಲ, ಹದಿಮೂರಕ್ಕೆ ಹತ್ತು ಉಳಿಯಿತು. ರಾತ್ರಿಯ ಊಟದ ಹೊತ್ತಿಗೆ ಅವಳು ಐವತ್ತು ದಾಟಿದ್ದಳು, ಸಂಖ್ಯೆ ಮಿಸುಕಿರಲಿಲ್ಲ.

"ಗಟ್ಟಿ ಪಿಂಡ ಕಣೋ ಇದು," ಎಂದಳು ಅಪ್ಪನಿಗೆ. "ಆರಂಕಿದು ಒಡೀದ್ದು ಸಿಕ್ಕಿದ್ರೆ ಸಾಮಾನ್ಯನಾ?"

ಎಲ್ಲಿಯ ತನಕ ನೋಡಬೇಕೆಂಬುದನ್ನು ಅವಳು ಅಚ್ಚುಕಟ್ಟಾಗಿ ಗೊತ್ತುಮಾಡಿದ್ದಳು. ಒಂಬೈನೂರ ಒಂಬತ್ತನ್ನು ಅದರಿಂದಲೇ ಗುಣಿಸಿದರೆ 826281, ನಮ್ಮ ಸಂಖ್ಯೆಗಿಂತ ನಾಲ್ಕು ಹೆಚ್ಚು. ಆದ್ದರಿಂದ ಸಂಖ್ಯೆ ಎರಡು ತುಂಡಾಗುವುದಾದರೆ ಒಂದು ತುಂಡು ಒಂಬೈನೂರ ಒಂಬತ್ತಕ್ಕಿಂತ ಕಡಿಮೆ ಇರಲೇಬೇಕು. ಅಲ್ಲಿಯ ತನಕ ಗೋಡೆಯ ಮೇಲೆ ಉಳಿದ ಸಂಖ್ಯೆಗಳು ನೂರ ಐವತ್ತೈದು, ಕೊನೆಯದು 907. ಅಷ್ಟರಿಂದಲೂ ಭಾಗಿಸಿ, ಎಲ್ಲದರಲ್ಲೂ ಏನಾದರೂ ಉಳಿದರೆ, ಮಿಷಿನ್ ನಂಬರು ಒಡೆಯದ್ದು. ಅಪ್ಪ ಕೆಲಸ ಹಂಚಿದ. ಐನೂರರ ತನಕದ ತೊಂಬತ್ತೈದು ಅತ್ತೆಗೆ, ಅಲ್ಲಿಂದ ಏಳುನೂರರ ತನಕದ ಮೂವತ್ತು ತನಗೆ, ಮಿಕ್ಕ ಮೂವತ್ತು ನನಗೆ. ಅವ್ವನಿಗೆ ಲೆಕ್ಕದಿಂದ ಮಾಫಿ. ನನ್ನ ಲೆಕ್ಕ ಸ್ಲೇಟಿನ ಮೇಲೆ. ಅಪ್ಪ ತನಿಖೆ ಮಾಡಿ ಒಪ್ಪಿದ ಮೇಲೆ ಅತ್ತೆ ಅದನ್ನು ಶಾಯಿಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು, ಪಕ್ಕದಲ್ಲಿ ಅಪ್ಪ ಸೈನ್ ಹಾಕುತ್ತಿದ್ದ.

ಅಪ್ಪನ ತನಿಖೆಗೆ ಎರಡು ಬಾಗಿಲು. ಮೊದಲನೆಯದು ಕೊನೆಯ ಅಂಕಿ. ಬಂದ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷ ಕೂಡಿದರೆ ಕೊನೆಗೆ ಏಳು ಬರಬೇಕು. ಎರಡನೆಯದು ಅಂಕಿಗಳ ಮೊತ್ತ. ಒಂದೇ ಅಂಕಿ ಉಳಿಯುವ ತನಕ ಕೂಡುತ್ತ ಹೋದರೆ ಮಿಷಿನ್ ನಂಬರಿಗೆ ಐದು ಬರುತ್ತದೆ. ಭಾಗಾಕಾರದ ಕಡೆಯಿಂದಲೂ ಐದೇ ಬರಬೇಕು. ಸ್ಟೋರಿನ ಲೆಕ್ಕಕ್ಕೆ ಪಟಾಲಮ್ಮಿನಲ್ಲಿ ಕಲಿತ ಉಪಾಯ ಇದು. ಒಂದು ಲೆಕ್ಕಕ್ಕೆ ಅರ್ಧ ನಿಮಿಷ ಸಾಕು. ಕಣ್ತಪ್ಪಿನಿಂದ ಆದ ತಪ್ಪು ಈ ಎರಡು ಬಾಗಿಲಲ್ಲಿ ಒಂದರಲ್ಲಾದರೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ಈ ಸಂಖ್ಯೆಯ ಸುದ್ದಿ ಪೊನ್ನಪ್ಪ ಮೇಷ್ಟ್ರ ಕಿವಿಗೆ ಬಿತ್ತು. ಅವರು ನಮ್ಮ ಶಾಲೆಯ ಹೆಡ್‌ಮಾಸ್ಟರು. ಮಗಳ ರವಿಕೆ ಹೊಲಿಸಲು ಬಂದವರು ಗೋಡೆಯನ್ನೂ ನೋಟ್‌ಬುಕ್ಕನ್ನೂ ನೋಡಿ, ಒಂದು ಗಂಟೆ ಕೂತು, ತಣ್ಣಗಾದ ಕಾಫಿಯನ್ನೇ ಕುಡಿದರು.

"ಎಂತ ನಂಜಮ್ಮ, ಇಷ್ಟೆಲ್ಲ ಗೊತ್ತಿದ್ದು ನೀವು ಇಲ್ಲಿ ಗುಂಡಿ ಹೊಲಿತಾ ಕೂತಿದ್ದೀರಲ್ಲ ಮಾರಾಯ್ತಿ. ನನಗೇ ಇದು ಅರ್ಧ ಅರ್ಥ ಆಗುದಿಲ್ಲ."

"ಇನ್ನರ್ಧ ಆಯ್ತಲ್ಲ ಸಾರ್, ಸಾಕು," ಎಂದಳು ಅತ್ತೆ.

ಹುಡುಗಿಯರಿಗೆ ಗಣಿತ ಹೇಳುವ ಜಾಗ ಖಾಲಿ ಇತ್ತು. ಅವಳಲ್ಲಿ ಸರ್ಟಿಫಿಕೇಟಿಲ್ಲ, ಆದರೆ ಇನ್‌ಸ್ಪೆಕ್ಟರು ಕೆಲಸ ನೋಡಿ ಒಪ್ಪಿ ಬರೆದರೆ ಹಂಗಾಮಿಯಾಗಿ ಸೇರಿಸಿಕೊಳ್ಳಬಹುದು ಎಂದರು ಮೇಷ್ಟ್ರು. ಮರುದಿನ ನಾನು ಶಾಲೆಗೆ ಹೊರಟಾಗ ಅತ್ತೆ ಕರೆದು, ಕ್ಲಾಸಿನ ಬೋರ್ಡು ಎಷ್ಟು ಗೇಣು ಇದೆ ಅಳೆದುಕೊಂಡು ಬಾ ಎಂದಳು. ಅಗಲ ಹನ್ನೊಂದು, ಎತ್ತರ ಏಳು ಎಂದು ಬಂದು ಹೇಳಿದೆ.

"ಎರಡೂ ಒಡೀದ್ದು," ಎಂದಳು. ಅವಳ ಮುಖ ಅರಳಿದ್ದನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಮಧ್ಯಾಹ್ನವೆಲ್ಲ ಅಡುಗೆಮನೆಯ ಗೋಡೆಯ ಮೇಲೆ ಹನ್ನೊಂದು ಗೇಣು ಅಗಲ, ಏಳು ಗೇಣು ಎತ್ತರದ ಜಾಗ ಗುರುತುಹಾಕಿ, ಅಷ್ಟರೊಳಗೇ ಬರೆಯುವ ಅಭ್ಯಾಸ ಮಾಡಿದಳು.

ನನ್ನ ಪಾಲಿನ ಮೂವತ್ತರಲ್ಲಿ ದಿನಕ್ಕೆ ಮೂರು ಮಾಡಿದ್ದರೆ ಹತ್ತು ದಿನಕ್ಕೆ ಮುಗಿಯುತ್ತಿತ್ತು. ಮಾಡಲಿಲ್ಲ. ಕೈಲ್ ಮುಹೂರ್ತದ ಬೆಳಗ್ಗೆ ಇನ್ನೂ ಒಂಬತ್ತು ಬಾಕಿ ಇದ್ದವು. ಸಂಜೆಗೆ ಅತ್ತೆ ಕೊನೆಯ ಪುಟ ಇಳಿಸಬೇಕಿತ್ತು. ಆ ಹಬ್ಬದ ದಿನ ಕೊಡವರು ಬಂದೂಕುಗಳಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಪೊನ್ನಪ್ಪ ಮೇಷ್ಟ್ರ ಮನೆಯ ಗದ್ದೆ ಬಯಲಿನಲ್ಲಿ ಪಂದ್ಯ. ನನಗೂ ಕರೆ ಬಂದಿತ್ತು. ಲೆಕ್ಕ ಮುಗಿಯದೆ ಹೊಸಿಲು ದಾಟುವಂತಿಲ್ಲ ಎಂದಿದ್ದ ಅಪ್ಪ. ಸ್ಲೇಟು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಮೊದಲ ಗುಂಡಿನ ಸದ್ದು ಗುಡ್ಡಕ್ಕೆ ಬಡಿದು ಬಂತು. ಆಗ ನನಗೆ ಹೊಳೆದದ್ದು ಇಷ್ಟು: ನೂರ ನಲವತ್ತಾರು ಸಂಖ್ಯೆಗಳಿಗೆ ಬಗ್ಗದ್ದು ಇನ್ನೊಂಬತ್ತಕ್ಕೆ ಬಗ್ಗುತ್ತದೆಯೇ? ಇದು ಒಡೆಯದ್ದು ಎಂದು ಮನೆಯವರೆಲ್ಲ ಆಗಲೇ ನಂಬಿದ್ದರು. ನಾನೂ ನಂಬಿದ್ದೆ. ಅಪ್ಪನ ಎರಡು ಬಾಗಿಲು ಎಲ್ಲಿವೆ ಎಂಬುದೂ ನನಗೆ ಗೊತ್ತಿತ್ತು.

ಎಂಟು ಸಂಖ್ಯೆಗಳಿಗೆ ಭಾಗಿಸದೆಯೇ, ಎರಡು ಬಾಗಿಲೂ ದಾಟುವ ಹಾಗೆ ಶೇಷಗಳನ್ನು ಕಟ್ಟಿದೆ. ಕೊನೆಯದಾದ 907ಕ್ಕೆ ಮಾತ್ರ ಮನಸ್ಸು ಅಳುಕಿ ನಿಜವಾದ ಭಾಗಾಕಾರ ಶುರುಮಾಡಿದೆ. 8262ರಲ್ಲಿ ಒಂಬತ್ತು ಸಲ ಹೋಯಿತು, 99 ಉಳಿಯಿತು. ಅಷ್ಟರಲ್ಲಿ ಮತ್ತೊಂದು ಗುಂಡು, ಅದರ ಹಿಂದೆ ಜನರ ಕೇಕೆ. ಅಲ್ಲಿಗೆ ನಿಲ್ಲಿಸಿದೆ. ಭಾಗಲಬ್ಧ 910 ಎಂದು ಬರೆದೆ. ಶೇಷದ ಕೊನೆಗೆ ಏಳು ಬೇಕು, ಅಂಕಿಗಳ ಮೊತ್ತವೂ ಏಳಕ್ಕೆ ಇಳಿಯಬೇಕು. 367 ಎಂದು ಬರೆದೆ. ನೋಡಲು ನಿಜದ ಶೇಷದ ಹಾಗೇ ಇತ್ತು. ಆ ಭಾಗಾಕಾರ ಮುಗಿಯಲು ಇನ್ನೆರಡು ಸಾಲು ಸಾಕಿತ್ತು. ಆ ಎರಡು ಸಾಲುಗಳನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಟ್ಟಿಲ್ಲ.

ಅಪ್ಪ ಸ್ಲೇಟು ತೆಗೆದುಕೊಂಡು ಒಂಬತ್ತನ್ನೂ ತನಿಖೆ ಮಾಡಿದ. ತುಟಿ ಅಲ್ಲಾಡಿತು, ಬೆರಳು ಅಲ್ಲಾಡಿತು, ಐದು ನಿಮಿಷಕ್ಕೆ ತಲೆ ಅಲ್ಲಾಡಿತು.

"ಶಾಬಾಸ್. ಒಂದೂ ತಪ್ಪಿಲ್ಲ. ಹೋಗು, ಡಿಸ್ಮಿಸ್."

ಗದ್ದೆಯ ಬದುವಿನ ಮೇಲೆ ಬಿದ್ದೂ ಎದ್ದೂ ಓಡಿದೆ. ಮಧ್ಯಾಹ್ನ ಕಡುಬು ತಿಂದೆ. ಸಂಜೆ ವಾಪಸು ಬಂದಾಗ ಅತ್ತೆ 367ನ್ನು ಶಾಯಿಯಲ್ಲಿ ಬರೆದು ಮುಗಿಸಿ, ಪುಟದ ಕೆಳಗೆ ಎರಡು ಗೆರೆ ಎಳೆದು, 'ಒಡೆಯದ್ದು' ಎಂದು ದಪ್ಪಗೆ ಬರೆದಿದ್ದಳು. ಶಾಯಿ ಒಣಗಲೆಂದು ನೋಟ್‌ಬುಕ್ಕನ್ನು ಮಿಷಿನಿನ ಮೇಲೆ ತೆರೆದಿಟ್ಟಿದ್ದಳು.

ಹನ್ನೊಂದು ಗಂಟೆಗೆ ಶಾಲೆಯಲ್ಲಿ ಇದ್ದವರನ್ನೂ ಹೇಳುತ್ತೇನೆ: ಇನ್‌ಸ್ಪೆಕ್ಟರು, ಪೊನ್ನಪ್ಪ ಮೇಷ್ಟ್ರು, ನಂಜತ್ತೆ, ಮತ್ತು ಒಂದೇ ದೊಡ್ಡ ಕೋಣೆಯಲ್ಲಿ ಕೂತಿದ್ದ ನಾವು ಮಕ್ಕಳೆಲ್ಲ. ಹುಡುಗಿಯರ ಸಾಲಿನ ಮೊದಲ ಬೆಂಚಿನಲ್ಲಿ ನಾನು. ಇನ್‌ಸ್ಪೆಕ್ಟರು ತೆಳ್ಳಗಿನವರು, ಮೆಲುಮಾತಿನವರು. ಅತ್ತೆಗೆ ತಾವೇ ಕುರ್ಚಿ ಎಳೆದು ಕೊಟ್ಟರು. ಕೆಟ್ಟವರಾಗಿದ್ದರೆ ನನಗೆ ಇವತ್ತಿಗೂ ಸ್ವಲ್ಪ ಅನುಕೂಲವಾಗುತ್ತಿತ್ತು. ಅವರು ಪುಟ ಪುಟವನ್ನೂ ಓದಿದರು. ನಾನೂರ ತೊಂಬತ್ತಾರರ ಪುಟದಲ್ಲಿ ನಿಂತರು.

"ಇದನ್ನು ನಿಮಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸಾರ್. ಹುಣಸೆಬೀಜ."

ಅವರು ನಕ್ಕರು. ಪೊನ್ನಪ್ಪ ಮೇಷ್ಟ್ರೂ ಧೈರ್ಯ ಬಂದು ನಕ್ಕರು. ಕೊನೆಗೆ ಮಿಷಿನ್ ನಂಬರಿನ ಪುಟಗಳು ಬಂದವು. ಎಲ್ಲಿಗೆ ನಿಲ್ಲಿಸಬೇಕೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಒಂಬೈನೂರ ಒಂಬತ್ತರ ಚೌಕ ಹಾಕ್ದೆ ಸಾರ್. ನಾಲ್ಕು ಜಾಸ್ತಿ ಬಂತು. ಅದಕ್ಕೇ ಅದರ ಕೆಳಗೆ ನೋಡಿದ್ರೆ ಸಾಕು ಅಂತ."

"ನಾಲ್ಕು," ಎಂದರು ಇನ್‌ಸ್ಪೆಕ್ಟರು. ಅವರ ಪೆನ್ಸಿಲು ನಿಂತಿತು. "ನಾಲ್ಕು ಅಂದರೆ ಎರಡರ ಚೌಕ ಅಲ್ಲವೇ ಅಮ್ಮ? ದೊಡ್ಡ ಚೌಕದ ಮೂಲೆಯಿಂದ ಸಣ್ಣ ಚೌಕ ಒಂದನ್ನು ಕಿತ್ತರೆ ಉಳಿದದ್ದನ್ನು ಸಾಲಾಗಿ ಜೋಡಿಸಬಹುದು. ಒಂದು ಕಡೆ ಎರಡು ಕಡಿಮೆ, ಇನ್ನೊಂದು ಕಡೆ ಎರಡು ಜಾಸ್ತಿ."

907, 911 ಎಂದು ಅಂಚಿನಲ್ಲಿ ಬರೆದು ಗುಣಿಸಿದರು. 826277.

ಅತ್ತೆ ಮುಂದಕ್ಕೆ ಬಾಗಿದಳು. ಆ ಕ್ಷಣದಲ್ಲಿ ಅವಳು ಕೆಲಸವನ್ನೂ ಇನ್‌ಸ್ಪೆಕ್ಟರನ್ನೂ ಮರೆತಳು. ಮೇಜಿನ ಮೇಲೆ ಬೆರಳಿನಲ್ಲೇ ಬೀಜಗಳನ್ನು ಜೋಡಿಸಿದಳು. ಮೂಲೆ ಕಿತ್ತಳು, ಅದರ ಪಕ್ಕ ಮಿಕ್ಕ ಎರಡು ಸಾಲುಗಳನ್ನು ತಿರುಗಿಸಿ ಪಕ್ಕಕ್ಕಿಟ್ಟಳು.

"ಹೌದಲ್ಲ," ಎಂದಳು. "ಬೀಜದಲ್ಲೇ ಕಾಣ್ತದಲ್ಲ ಸಾರ್. ಇಷ್ಟು ದಿನ ನಾನ್ಯಾಕೆ ನೋಡ್ಲಿಲ್ಲ."

ಅವಳ ಸಂತೋಷ ನಿಜವಾದದ್ದು. ಇನ್‌ಸ್ಪೆಕ್ಟರೂ ಸಂತೋಷದಿಂದಲೇ ಪುಟ ತಿರುಗಿಸಿ 907ರ ಸಾಲು ಹುಡುಕಿದರು. ಅಲ್ಲಿ ಸೊನ್ನೆ ಬರಬೇಕಿತ್ತು. 367 ಇತ್ತು. ಅವರು ಆ ಸಾಲನ್ನು ಗುಣಿಸಿ ಕೂಡಿ ನೋಡಿದರು, ಮತ್ತೊಮ್ಮೆ ನೋಡಿದರು.

"ಐನೂರ ನಲವತ್ತು ವ್ಯತ್ಯಾಸ ಬರುತ್ತಿದೆ," ಎಂದರು. "ಒಂಬತ್ತಕ್ಕೂ ಸರಿಯಾಗಿ ಹೋಗುತ್ತದೆ, ಹತ್ತಕ್ಕೂ ಹೋಗುತ್ತದೆ; ಅಂಕಿಗಳ ಮೊತ್ತ ನೋಡಿದರೂ ಕೊನೆಯ ಅಂಕಿ ನೋಡಿದರೂ ಸಿಗುವುದಿಲ್ಲ. ಕೈತಪ್ಪಿ ಆದ ತಪ್ಪು ಹೀಗಿರುವುದಿಲ್ಲ ಅಮ್ಮ. ಕಾವಲುಗಾರ ಎಲ್ಲಿ ನಿಂತಿದ್ದಾನೆ ಅಂತ ಗೊತ್ತಿದ್ದೇ ಸುತ್ತಿಕೊಂಡು ಬಂದ ತಪ್ಪು ಇದು. ಇದನ್ನು ಬರೆದದ್ದು ನೀವೇನಾ?"

"ಬರವಣಿಗೆ ನನ್ನದೇ ಸಾರ್."

"ಲೆಕ್ಕ?"

ಅತ್ತೆ ಆ ಸಾಲನ್ನು ನೋಡಿದಳು. ಆಮೇಲೆ ತಲೆಯೆತ್ತಿ ಹುಡುಗಿಯರ ಸಾಲಿನ ಮೊದಲ ಬೆಂಚನ್ನು ನೋಡಿದಳು. ನಾನು ಎದ್ದು ನಿಲ್ಲಬೇಕಿತ್ತು. ಹಾಜರಿ ಕೂಗಿದರೆ ಎದ್ದು ನಿಲ್ಲುವುದನ್ನು ಮಾತು ಬರುವ ಮೊದಲೇ ಕಲಿತಿದ್ದ ನಾನು, ಬೆಂಚಿನ ಕೆಳಗೆ ಎರಡು ಕಾಲುಗಳನ್ನೂ ಹೆಣೆದುಕೊಂಡು ಕೂತೆ.

"ಲೆಕ್ಕಾನೂ ನಂದೇ," ಎಂದಳು ಅತ್ತೆ.

"ತನಿಖೆ ಅಂತ ಬೇರೆಯವರ ಸೈನ್ ಇದೆಯಲ್ಲ."

"ನನ್ನ ತಮ್ಮ ಸಾರ್. ತೋರ್ಸಿದ್ದನ್ನ ನೋಡಿ ಹಾಕವ್ನೆ. ಅವನದೇನೂ ತಪ್ಪಿಲ್ಲ."

ಪೊನ್ನಪ್ಪ ಮೇಷ್ಟ್ರು ಎದ್ದು ನಿಂತರು. "ಸಾರ್, ಇಡೀ ಬುಕ್ಕಿನಲ್ಲಿ ಒಂದೇ ಒಂದು..."

"ಕೈತಪ್ಪಿ ಒಂದು ಸೊನ್ನೆ ಬಿಟ್ಟುಹೋಗಿದ್ದರೆ ನಾನು ಕೇಳುತ್ತಲೇ ಇರಲಿಲ್ಲ ಮೇಷ್ಟ್ರೇ. ಸರ್ಟಿಫಿಕೇಟು ಇಲ್ಲದವರ ಬಗ್ಗೆ ನಾನು ನಂಬಬೇಕಾದ್ದು ಅವರ ಲೆಕ್ಕವನ್ನೇ. ಇದು ಕಟ್ಟಿದ ಲೆಕ್ಕ." ಅವರು ನೋಟ್‌ಬುಕ್ಕು ಮುಚ್ಚಿ, ಎರಡು ಕೈಯಿಂದಲೂ ಅತ್ತೆಗೆ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅತ್ತೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಮಕ್ಕಳ ಮುಂದೆಯೇ ಬಾಗಿಲ ತನಕ ನಡೆದು ಹೋದಳು. ಹೋಗುವಾಗ ಬೋರ್ಡನ್ನು ನೋಡಿದಳೋ ಇಲ್ಲವೋ ನನಗೆ ತಿಳಿಯದು. ನಾನು ಡೆಸ್ಕನ್ನು ನೋಡುತ್ತಿದ್ದೆ.

ಸಂಜೆ ಐದೂಕಾಲು. ಅಪ್ಪ ಎಸ್ಟೇಟಿನಿಂದ ಬಂದ. ಅತ್ತೆ ಮಿಷಿನ್ ತುಳಿಯುತ್ತಿದ್ದಳು, ನಿಲ್ಲಿಸಲಿಲ್ಲ.

"ನಂಬ್ರ ಒಡೀತು ಕಣೋ," ಎಂದಳು. "ಒಂಬೈನೂರ ಏಳಕ್ಕೆ. ಕೆಲ್ಸ ಇಲ್ಲ ಅಂದ್ರು."

ಅಪ್ಪ ನೋಟ್‌ಬುಕ್ಕು ತೆಗೆದು ನಿಂತುಕೊಂಡೇ ನೋಡಿದ. ಬಹಳ ಹೊತ್ತು ತನ್ನ ಸೈನನ್ನೇ ನೋಡಿದ.

"ನನ್ನ ಸೈನ್ ಐತೆ. ತಪ್ಪು ನಂದು. ನಾನು ಹೋಗಿ ಹೇಳ್ತೀನಿ."

"ಏನಂತ ಹೇಳ್ತೀಯ? ನನ್ನ ತನಿಖೆ ಸರಿ ಇಲ್ಲ ಅಂತನಾ? ಕಾಲು ತೊಳ್ಕೊ ಹೋಗು."

"ಅಷ್ಟೂ ಬಾಗ್ಲು ಹಾಕಿದ್ದೆ ಅಕ್ಕ. ಅದೆಂಗೆ ದಾಟ್ತು?"

ಅತ್ತೆ ಮಿಷಿನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ದಾಟೋದು ಹೆಂಗಾದ್ರೂ ದಾಟ್ತದೆ," ಎಂದಳು. ಅವ್ವ ಒಳಗಿನಿಂದ ಬಂದವಳು ಅತ್ತೆಯನ್ನು ನೋಡಿ, ನನ್ನನ್ನು ನೋಡಿ, ಒಲೆಯ ಕಡೆಗೆ ಹಿಂದಿರುಗಿದಳು. ಆ ಸಂಜೆಯ ನಂತರ ಅಪ್ಪ ಎಸ್ಟೇಟಿನ ಲೆಕ್ಕವನ್ನೂ ಮೂರು ಮೂರು ಸಲ ಪೂರ್ತಿಯಾಗಿ ಮಾಡತೊಡಗಿದ. ಆ ಎರಡು ಬಾಗಿಲನ್ನು ಅವನು ಮತ್ತೆಂದೂ ನಂಬಲಿಲ್ಲ. ಮೂವತ್ತು ವರ್ಷ ನಂಬಿದ್ದ ಉಪಾಯವನ್ನು ಅವನಿಂದ ಕಿತ್ತುಕೊಂಡವಳು ನಾನೆಂದು ಅವನಿಗೆ ಸಾಯುವ ತನಕ ಗೊತ್ತಾಗಲಿಲ್ಲ.

ಆರು ಗಂಟೆಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು. ಸ್ಲೇಟಿನ ತಲೆಯ ಮೇಲೆ ಒಂಬತ್ತು ಸಂಖ್ಯೆಗಳನ್ನು ಬರೆದಿಟ್ಟಿದ್ದಳು: 853ರಿಂದ 907ರ ತನಕ. ಒಂಬತ್ತೂ ಸುಳ್ಳೆಂದು ಅಷ್ಟರಲ್ಲಿ ತಾನೇ ಮಾಡಿ ನೋಡಿದ್ದಳು. ನಾನು ಗೋಡೆಗೆ ಮುಖಮಾಡಿ ಕೂತೆ.

"ಯಾವತ್ತು ಮಾಡಿದ್ದು ಮಗ ಇದು?"

"ಕೈಲ್ ಮುಹೂರ್ತದ ದಿನ."

"ಹೂಂ. ತೆಂಗಿನಕಾಯಿ ಯಾರು ಹೊಡೆದ್ರು?"

"ಮೇಷ್ಟ್ರ ತಮ್ಮ."

"ಎಷ್ಟನೇ ಗುಂಡಿಗೆ?"

"ಏಳನೇದಕ್ಕೆ."

"ಏಳು," ಎಂದಳು ಅತ್ತೆ. ಜಾತಿ ಹೇಳಲಿಲ್ಲ. ಬಳಪ ನನ್ನ ಕೈಗೆ ಕೊಟ್ಟಳು. "ಊಟಕ್ಕೆ ಮುಂಚೆ ಒಂಬತ್ತೂ ಮುಗ್ಸು. ಇನ್‌ಸ್ಪೆಕ್ಟರು ಈವತ್ತು ಮೇಷ್ಟ್ರ ಮನೇಲಿ ಇರ್ತಾರೆ. ನಾಳೆ ಎಂಟಕ್ಕೆ ಜೀಪು."

ಅಷ್ಟೇ ಹೇಳಿದಳು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೇಷ್ಟ್ರ ಮನೆ ನಮ್ಮಲ್ಲಿಂದ ಒಂದು ಮೈಲಿಯೂ ಇರಲಿಲ್ಲ. ಮರುದಿನ ಏಳೂವರೆಗೆ ನಾನು ಹೊರಟದ್ದು ನಿಜ. ಅವರ ಗದ್ದೆಯ ತಿರುವಿನ ತನಕ ಹೋಗಿ, ಅದೇ ಬದುವಿನ ಮೇಲೆ ನಿಂತೆ. ಎಂಟಕ್ಕೆ ಜೀಪು ನನ್ನ ಮುಂದೆಯೇ ಹೋಯಿತು. ಇನ್‌ಸ್ಪೆಕ್ಟರು ಹೊರಗೆ ನೋಡಿದರು, ಶಾಲೆಯ ಹುಡುಗಿಯೆಂದು ಗುರುತಿಸಿ ಕೈಯೆತ್ತಿದರು. ನಾನೂ ಕೈಯೆತ್ತಿದೆ. ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡಿ, ಮತ್ತೆ ಮಿಷಿನಿನ ಕಡೆ ತಿರುಗಿದಳು. ಮುಂದೆ ರಾಜ್ಯವೇ ಮೈಸೂರಿಗೆ ಸೇರಿತು, ಕಾನೂನು ಬದಲಾಯಿತು, ಸರ್ಟಿಫಿಕೇಟು ಇಲ್ಲದವರಿಗೆ ಆ ಬಾಗಿಲು ಪೂರ್ತಿ ಮುಚ್ಚಿತು. ನಾನು ಸರ್ಟಿಫಿಕೇಟು ಪಡೆದೆ. ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟೆ, ಒಂದು ದಿನವೂ ತಡವಾಗಿ ಹೋಗಲಿಲ್ಲ. ಬೆಲ್ಲಾಗುವ ಮೊದಲೇ ಕ್ಲಾಸಿನಲ್ಲಿರುತ್ತಿದ್ದ ನನ್ನನ್ನು ಹೊಗಳಿದವರಿದ್ದಾರೆ. ಬೋರ್ಡಿನ ಎದುರು ಹೋಗಿ ನಿಂತಾಗಲೆಲ್ಲ ಅದು ಎಷ್ಟು ಗೇಣು ಇದೆಯೆಂದು ಕಣ್ಣು ತಾನಾಗಿಯೇ ಅಳೆಯುತ್ತಿತ್ತು.

ಆದರೆ ಆ ಗುರುವಾರದ ಕೆಲಸ ಇನ್ನೂ ಬಾಕಿ ಇದೆ. ಒಲೆಯ ಬೆಳಕಿನಲ್ಲಿ ಎಂಟು ಭಾಗಾಕಾರ ಮಾಡಿದೆ. ಎಂಟರಲ್ಲೂ ಶೇಷ ಉಳಿಯಿತು, ಅತ್ತೆ ಒಂದೊಂದನ್ನೂ ಪೂರ್ತಿ ಗುಣಿಸಿ ನೋಡಿ ಇಳಿಸಿಕೊಂಡಳು. ಒಂಬತ್ತನೆಯದು. 8262ರಲ್ಲಿ ಒಂಬತ್ತು ಸಲ, ಉಳಿದದ್ದು 99. ಮೇಲಿನಿಂದ ಏಳು ಇಳಿಸಿದೆ: 997. ಒಂದು ಸಲ, ಉಳಿದದ್ದು 90. ಇನ್ನೊಂದು ಏಳು ಇಳಿಸಿದೆ. ಸ್ಲೇಟಿನ ಮೇಲೆ 907 ಬಂತು. ಪಕ್ಕದಲ್ಲೂ 907.

ನನ್ನ ಬಳಪ ನಿಂತಿತು. ಕಣ್ಣು ತುಂಬಿ ಅಂಕಿಗಳು ಕದಡಿದವು.

"ಬರಿ," ಎಂದಳು ಅತ್ತೆ.

ಒಂದು ಸಲ. ಉಳಿದದ್ದು ಸೊನ್ನೆ.

"ಒಡೆದ್ರೆ ಅದಕ್ಕೇನು ಅವಮಾನ ಇಲ್ಲ ಮಗ. ಅದು ಮೊದ್ಲಿಂದ್ಲೂ ಹಂಗೇ ಇತ್ತು. ಗೊತ್ತಿಲ್ದೆ ಇದ್ದದ್ದು ನಮಗೆ." ಅವಳು ನೋಟ್‌ಬುಕ್ಕು ನನ್ನ ಮುಂದೆ ತೆರೆದಿಟ್ಟು ಶಾಯಿ ಲೇಖನಿ ಕೊಟ್ಟಳು. ಅಪ್ಪನ ಸೈನು, ಅಂಚಿನಲ್ಲಿದ್ದ ಇನ್‌ಸ್ಪೆಕ್ಟರ ಪೆನ್ಸಿಲು ಬಿಟ್ಟರೆ ಆ ನೋಟ್‌ಬುಕ್ಕಿನಲ್ಲಿ ಅದುವರೆಗೆ ಅವಳದಲ್ಲದ ಬರಹ ಇರಲಿಲ್ಲ. 'ಒಡೆಯದ್ದು' ಎಂಬುದರ ಮೇಲೆ ಗೆರೆ ಎಳೆಸಿದಳು. ಕೆಳಗೆ ನನ್ನ ಕೈಯಲ್ಲಿ ಬರೆಸಿದಳು: 907, 911, ಎರಡೂ ಒಡೆಯದವು. ಆಮೇಲೆ ಜಾತಿ ನೋಡಬೇಕಿತ್ತು. ಒಂದು, ಒಂಬೈನೂರ ಏಳು, ಒಂಬೈನೂರ ಹನ್ನೊಂದು ಕೂಡಿದರೆ ಸಾವಿರದ ಎಂಟುನೂರ ಹತ್ತೊಂಬತ್ತು. ಎಂಟು ಲಕ್ಷದ ಮುಂದೆ ಏನೇನೂ ಅಲ್ಲ. ಕೊರತೆಯದು ಎಂದು ಬರೆದೆ.

ಏಳೂಕಾಲಿಗೆ ಅವ್ವ ತಟ್ಟೆ ಇಟ್ಟಳು. ಅತ್ತೆ ಎದ್ದು ಹೋಗಿ ಮಿಷಿನಿನಲ್ಲಿ ಸಿಕ್ಕಿದ್ದ ರವಿಕೆಯ ಕೊನೆಯ ಹೊಲಿಗೆ ಮುಗಿಸಿ, ನೂಲು ಕಡಿದು, ಮಿಷಿನಿಗೆ ಬಟ್ಟೆ ಹೊದಿಸಿದಳು. ನಾನು ಹಿತ್ತಲಿನ ಕಲ್ಲಿನ ಮೇಲೆ ಸ್ಲೇಟನ್ನು ಎರಡು ಸಲ ತೊಳೆದು, ಒರೆಸಿ, ಗೋಡೆಗೆ ಒರಗಿಸಿಟ್ಟೆ.